ಓದುಗರ ಪ್ರಶ್ನೆ, ನಮ್ಮ ಉತ್ತರ: ಕಂಪ್ಯೂಟರಿನ ಧ್ವನಿ ಲೈವ್‌ಗೆ ಹೋಗುವ ದಾರಿ

ಈ ತಿಂಗಳು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆ ಹೇಳುತ್ತವೆ. ಆನ್‌ಲೈನ್ ಸಭೆಗೋ ಯೂಟ್ಯೂಬ್ ಲೈವ್‌ಗೋ ಚಿತ್ರ ಸರಿಯಾಗಿ ಹೋಗುತ್ತದೆ, ಕಂಪ್ಯೂಟರಿನ ಧ್ವನಿ ಹೋಗುವುದಿಲ್ಲ. ಹೋದರೂ ಕೆಟ್ಟು ಹೋಗುತ್ತದೆ. ತಂತ್ರಾಂಶ ಯಾವುದೇ ಇರಲಿ, ಕೇಳಿಕೊಳ್ಳಬೇಕಾದ್ದು ಎರಡೇ ಮಾತು. ಈ ಧ್ವನಿ ಎಲ್ಲಿಂದ ಹೊರಟು ಎಲ್ಲಿ ಒಳಗೆ ಹೋಗುತ್ತಿದೆ? ಆ ಕಡೆ ಕೂತವರಿಗೆ ಅವರದೇ ದನಿ ವಾಪಸ್ ಹೋಗುತ್ತಿದೆಯೇ? ಹಾಳೆಯ ಮೇಲೆ ಬಾಣದ ಗುರುತು ಹಾಕಿ ಇದನ್ನು ಬರೆದುಕೊಂಡರೆ ಅರ್ಧ ತೊಂದರೆ ಅಲ್ಲೇ ಕಾಣುತ್ತದೆ. ಮ್ಯಾಕ್ ಎಂದು ಹೇಳದ ಕಡೆಯೆಲ್ಲ ನಾವು ವಿಂಡೋಸ್ 10 ಅಥವಾ 11 ಎಂದೇ ಇಟ್ಟುಕೊಂಡು ಬರೆದಿದ್ದೇವೆ.

ಪ್ರಶ್ನೆ: ತೆಂಗು ಬೆಳೆಗಾರರ ಸಭೆಯನ್ನು ಝೂಮ್‌ನಲ್ಲಿ ನಡೆಸುತ್ತೇವೆ. ಕಪ್ಪುತಲೆ ಹುಳು ಹತೋಟಿಯ ವಿಡಿಯೋ ಹಾಕಿದರೆ ನಮ್ಮ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕೇಳುತ್ತದೆ, ಆ ಕಡೆಯವರಿಗೆ ಬಾವಿಯೊಳಗಿಂದ ಮಾತಾಡಿದಂತೆ, ಅದೂ ತುಂಡು ತುಂಡಾಗಿ ಕೇಳುತ್ತದೆ. ಮೈಕ್ ಕೆಟ್ಟಿದೆಯೇ?
(ರೈತರು, ತಿಪಟೂರು)

ಉತ್ತರ: ಮೈಕ್ ಸರಿಯಾಗಿಯೇ ಇದೆ. ಈಗ ನಿಮ್ಮ ವಿಡಿಯೋದ ಧ್ವನಿ ಲ್ಯಾಪ್‌ಟಾಪಿನ ಸ್ಪೀಕರಿನಿಂದ ಹೊರಗೆ ಬಂದು, ಕೋಣೆಯ ಗಾಳಿಯಲ್ಲಿ ಹಾದು, ಅದೇ ಲ್ಯಾಪ್‌ಟಾಪಿನ ಮೈಕಿಗೆ ಹೋಗುತ್ತಿದೆ. ಸ್ಪೀಕರಿನಿಂದ ಬಂದದ್ದನ್ನು ಮೈಕಿನಿಂದ ಅಳಿಸಿ ಹಾಕುವುದೇ ಝೂಮ್‌ನ ಪ್ರತಿಧ್ವನಿ ತಡೆಯ ಕೆಲಸ. ಅದು ಅಳಿಸುತ್ತಿದೆ, ಅಳಿಸಿ ಉಳಿದ ಚೂರುಗಳು ಆ ಕಡೆ ಕೇಳುತ್ತಿವೆ.

ಶೇರ್ ಸ್ಕ್ರೀನ್ ಒತ್ತಿದಾಗ ಬರುವ ಕಿಟಕಿಯ ಕೆಳಭಾಗದಲ್ಲಿ 'ಶೇರ್ ಸೌಂಡ್' ಎಂಬ ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿ, ಆಮೇಲೆ ವಿಡಿಯೋ ಹಂಚಿ. ಪಕ್ಕದಲ್ಲೇ 'ಆಪ್ಟಿಮೈಜ್ ಫಾರ್ ವಿಡಿಯೋ ಕ್ಲಿಪ್' ಇರುತ್ತದೆ. ವಿಡಿಯೋ ಓಡಿಸುವಾಗ ಅದನ್ನೂ ಹಾಕಿ. ಅಕ್ಷರ ತುಂಬಿದ ಸ್ಲೈಡ್ ತೋರಿಸುವಾಗ ತೆಗೆಯಿರಿ, ಇಲ್ಲದಿದ್ದರೆ ಅಕ್ಷರ ಮಸುಕಾಗುತ್ತದೆ. ಹಂಚಲು ಶುರು ಮಾಡಿದ ಮೇಲೆ ನೆನಪಾಯಿತೆಂದರೆ ಮೇಲಿನ ಪಟ್ಟಿಯ 'ಮೋರ್' ಒಳಗೂ ಶೇರ್ ಸೌಂಡ್ ಸಿಗುತ್ತದೆ. ವಿಡಿಯೋ ಓಡುವಷ್ಟು ಹೊತ್ತು ನಿಮ್ಮ ಮೈಕ್ ಮ್ಯೂಟ್ ಮಾಡಿ. ಮೈಕ್ ಮುಚ್ಚಿದರೂ ಹಂಚಿದ ಧ್ವನಿ ನಿಲ್ಲುವುದಿಲ್ಲ, ಎರಡರ ದಾರಿ ಬೇರೆ ಬೇರೆ.

ಗೂಗಲ್ ಮೀಟ್ ಬಳಸುವವರಿಗೆ: ಕ್ರೋಮ್‌ನಲ್ಲಿ 'ಟ್ಯಾಬ್' ಆರಿಸಿ, ಕೆಳಗಿನ ಟ್ಯಾಬ್ ಆಡಿಯೋ ಆಯ್ಕೆ ಆನ್ ಇರುವಂತೆ ನೋಡಿಕೊಳ್ಳಿ. ಒಂದು ಕಿಟಕಿಯನ್ನಷ್ಟೇ ಹಂಚಿ ಧ್ವನಿ ಹೋಗಲಿಲ್ಲ ಎನ್ನುವವರೇ ಹೆಚ್ಚು. ಪೆನ್‌ಡ್ರೈವಿನಲ್ಲಿರುವ ಎಂಪಿ4 ಫೈಲನ್ನು ಕ್ರೋಮ್‌ನ ಖಾಲಿ ಟ್ಯಾಬಿಗೆ ಎಳೆದು ಬಿಟ್ಟರೆ ಅದು ಅಲ್ಲೇ ಓಡುತ್ತದೆ. ಆ ಟ್ಯಾಬನ್ನೇ ಹಂಚಬಹುದು.

ಪ್ರಶ್ನೆ: ಆನ್‌ಲೈನ್‌ನಲ್ಲಿ ಸಂಗೀತ ಪಾಠ ಮಾಡುತ್ತೇನೆ. ಕಂಪ್ಯೂಟರಿನಲ್ಲಿ ತಂಬೂರಿ ಹಾಕಿಕೊಂಡು ಹಾಡಿದರೆ ಮಕ್ಕಳಿಗೆ ಶ್ರುತಿ ಕೇಳಿಸುವುದೇ ಇಲ್ಲ. ನಾನು ಹಾಡು ನಿಲ್ಲಿಸಿದಾಗ ಒಂದು ಕ್ಷಣ ಕೇಳಿ ಮತ್ತೆ ಮಾಯವಾಗುತ್ತದಂತೆ. ಜೊತೆಯಲ್ಲಿ ಹಾಡಿಸಲು ಹೋದರೆ ತಾಳವೇ ಕೂಡುವುದಿಲ್ಲ.
(ಸಂಗೀತ ಶಿಕ್ಷಕಿ, ಚಿಂತಾಮಣಿ)

ಉತ್ತರ: ಸಭೆಯ ತಂತ್ರಾಂಶಗಳನ್ನು ಮಾಡಿರುವುದು ಮಾತಿಗಾಗಿ. ಒಂದೇ ಸಮನೆ ಬರುವ ಸದ್ದನ್ನು ಅವು ಫ್ಯಾನಿನ ಸದ್ದೆಂದು ತಿಳಿದು ತೆಗೆದುಹಾಕುತ್ತವೆ. ತಂಬೂರಿ ಒಂದೇ ಸಮನೆ ನುಡಿಯಬೇಕಾದ ವಾದ್ಯವಾದ್ದರಿಂದ ಮೊದಲು ಹೋಗುವುದೇ ಅದು. ಉದ್ದ ಕಾರ್ವೆ ಹಿಡಿದಾಗ ನಿಮ್ಮ ದನಿಯೂ ಕೊನೆಯಲ್ಲಿ ಕ್ಷೀಣವಾಗುತ್ತಿರಬಹುದು, ಮಕ್ಕಳನ್ನು ಕೇಳಿ ನೋಡಿ.

ಝೂಮ್‌ನ ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ವಿಭಾಗಕ್ಕೆ ಹೋಗಿ 'ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್' ಆರಿಸಿ. ಅದರ ಕೆಳಗಿನ 'ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್' ಆನ್ ಮಾಡಿ. ಮೈಕಿನ ಮಟ್ಟವನ್ನು ತಾನೇ ಏರಿಸಿ ಇಳಿಸುವ ಆಯ್ಕೆಯ ಟಿಕ್ ತೆಗೆಯಿರಿ. ಅದು ಇದ್ದರೆ ನೀವು ತಾರಸ್ಥಾಯಿಗೆ ಹೋದಾಗಲೆಲ್ಲ ದನಿಯನ್ನು ಕುಗ್ಗಿಸಿಬಿಡುತ್ತದೆ. ಪ್ರತಿಧ್ವನಿ ತಡೆಯನ್ನು ಆಫ್ ಮಾಡುವುದು ನಿಮ್ಮ ಕಿವಿಯಲ್ಲಿ ವೈರಿನ ಇಯರ್‌ಫೋನ್ ಇದ್ದರೆ ಮಾತ್ರ. ಇಷ್ಟಾದ ಮೇಲೂ ಪಾಠ ಶುರುವಾದಾಗ ಪರದೆಯ ಮೇಲ್ಭಾಗದಲ್ಲಿ 'ಒರಿಜಿನಲ್ ಸೌಂಡ್' ಗುಂಡಿ ಆನ್ ಇದೆಯೇ ನೋಡಲೇಬೇಕು. ಸೆಟ್ಟಿಂಗ್ ಸರಿಯಿದ್ದು ಆ ಗುಂಡಿ ಆಫ್ ಇದ್ದರೆ ಏನೂ ಬದಲಾಗುವುದಿಲ್ಲ.

ನಿಮ್ಮಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ಇದ್ದರೆ ಇಷ್ಟೇ ಸಾಕು. ಅದನ್ನು ಮೈಕಿಗೆ ನಿಮ್ಮ ಬಾಯಿಗಿಂತ ಸ್ವಲ್ಪ ದೂರದಲ್ಲಿಟ್ಟು ಹಾಡಿ. ಇರುವುದರಲ್ಲಿ ಇದೇ ಸರಳ, ಮೊದಲು ಇದನ್ನೇ ಮಾಡಿ ನೋಡಿ ಎನ್ನುತ್ತೇವೆ. ತಂಬೂರಿ ಕಂಪ್ಯೂಟರಿನಿಂದಲೇ ಬರಬೇಕೆಂದರೆ ವಾಯ್ಸ್‌ಮೀಟರ್ ಎಂಬ ತಂತ್ರಾಂಶ ಹಾಕಿಕೊಳ್ಳಿ. ಕಂಪ್ಯೂಟರಿನೊಳಗೇ ಇರುವ ಪುಟ್ಟ ಮಿಕ್ಸರ್ ಅದು. ಮೊದಲ ಹಾರ್ಡ್‌ವೇರ್ ಇನ್‌ಪುಟ್‌ಗೆ ನಿಮ್ಮ ಮೈಕ್ ಕೊಡಿ, ಆ ಪಟ್ಟಿಯಲ್ಲಿ ಬಿ ಗುಂಡಿ ಮಾತ್ರ ಆನ್ ಇರಲಿ (ಎ ಎಂದರೆ ನಿಮ್ಮ ಕಿವಿಗೆ ಹೋಗುವ ದಾರಿ, ಬಿ ಎಂದರೆ ಝೂಮ್‌ಗೆ ಹೋಗುವ ದಾರಿ). ಎ1 ಎಂಬ ಔಟ್‌ಪುಟ್‌ಗೆ ಇಯರ್‌ಫೋನ್ ಆರಿಸಿ. ತಂಬೂರಿ ನುಡಿಸುವ ಆ್ಯಪ್‌ನ ಔಟ್‌ಪುಟ್ 'ವಾಯ್ಸ್‌ಮೀಟರ್ ಇನ್‌ಪುಟ್' ಆಗಬೇಕು. ವಿಂಡೋಸ್ 11ರಲ್ಲಿ ಸೌಂಡ್ ಸೆಟ್ಟಿಂಗ್ಸ್‌ನ ವಾಲ್ಯೂಮ್ ಮಿಕ್ಸರ್ ಒಳಗೆ ಒಂದೊಂದು ಆ್ಯಪ್‌ಗೂ ಬೇರೆ ಔಟ್‌ಪುಟ್ ಕೊಡಬಹುದು. ವಾಯ್ಸ್‌ಮೀಟರಿನಲ್ಲಿ ತಂಬೂರಿ ಬರುವ ವರ್ಚುವಲ್ ಇನ್‌ಪುಟ್ ಪಟ್ಟಿಯಲ್ಲಿ ಎ, ಬಿ ಎರಡೂ ಆನ್. ಕೊನೆಗೆ ಝೂಮ್‌ನಲ್ಲಿ ಮೈಕ್ ಜಾಗದಲ್ಲಿ ವಾಯ್ಸ್‌ಮೀಟರಿನ ಬಿ ಔಟ್‌ಪುಟ್, ಸ್ಪೀಕರ್ ಜಾಗದಲ್ಲಿ ನೇರವಾಗಿ ಇಯರ್‌ಫೋನ್. ಸ್ಪೀಕರನ್ನೂ ವಾಯ್ಸ್‌ಮೀಟರಿಗೆ ಕೊಟ್ಟರೆ ಮಕ್ಕಳ ದನಿ ಅವರಿಗೇ ವಾಪಸ್ ಹೋಗುತ್ತದೆ.

ತಂಬೂರಿಗೆ ಶೇರ್ ಸೌಂಡ್ ಬಳಸಿದರೂ ಅಡ್ಡಿಯಿಲ್ಲ. ತಾಳ ಅಥವಾ ಲಹರಾ (ತಾಳದ ಆವರ್ತಕ್ಕೆ ಮತ್ತೆ ಮತ್ತೆ ನುಡಿಸುವ ರಾಗದ ಸಾಲು) ಹಾಕಿಕೊಂಡು ಹಾಡುವವರು ಮಾತ್ರ ಹಾಗೆ ಮಾಡಬಾರದು. ಹಂಚಿದ ಧ್ವನಿಯೂ ಮೈಕಿನ ಧ್ವನಿಯೂ ಆ ಕಡೆ ಒಂದೇ ಹೊತ್ತಿಗೆ ಮುಟ್ಟುತ್ತವೆ ಎಂಬ ಖಾತ್ರಿ ಇಲ್ಲ. ಮೊದಲೇ ಬೆರೆಸಿ ಒಂದೇ ದಾರಿಯಲ್ಲಿ ಕಳಿಸಿದರೆ ಹಾಡು, ತಾಳ ಜೊತೆಗೇ ಹೋಗುತ್ತವೆ.

ಇನ್ನು ಜೊತೆಯಲ್ಲಿ ಹಾಡಿಸುವ ವಿಚಾರ. ಒಬ್ಬರ ದನಿ ಇನ್ನೊಬ್ಬರಿಗೆ ಮುಟ್ಟಲು ಸುಮಾರು 30 ಮಿಲಿಸೆಕೆಂಡ್ ದಾಟಿದರೆ ತಾಳ ಹಿಡಿಯುವುದು ಕಷ್ಟ. ಆನ್‌ಲೈನ್ ಸಭೆಯಲ್ಲಿ ಅದು ಸುಲಭವಾಗಿ 100 ದಾಟುತ್ತದೆ. ಯಾವ ಸೆಟ್ಟಿಂಗೂ ಇದನ್ನು ಸರಿಮಾಡದು. ಮಗುವಿನ ಮನೆಯಲ್ಲೂ ಅದೇ ಶ್ರುತಿಯ ತಂಬೂರಿ ಇರಲಿ, ಶ್ರುತಿ ಐದು ಮನೆಯೆಂದರೆ (ಹಾರ್ಮೋನಿಯಂ ಮನೆಯ ಲೆಕ್ಕ) ಎರಡೂ ಕಡೆ ಐದು ಮನೆ. ನೀವು ಒಂದು ಸಾಲು ಹೇಳಿ ನಿಲ್ಲಿಸಿ, ಮಗು ತಿರುಗಿ ಹೇಳಲಿ. ಹತ್ತು ಮಕ್ಕಳಿದ್ದರೆ ಒಬ್ಬರ ಮೈಕ್ ಮಾತ್ರ ತೆರೆದಿರಲಿ, ಉಳಿದವರು ಮ್ಯೂಟ್ ಆಗಿ ಮನೆಯಲ್ಲೇ ಗಟ್ಟಿಯಾಗಿ ಹಾಡಿಕೊಳ್ಳಲಿ.

ಪ್ರಶ್ನೆ: ನಮ್ಮದು ಹವ್ಯಾಸಿ ಪೌರಾಣಿಕ ನಾಟಕ ತಂಡ. ಓಬಿಎಸ್‌ನಲ್ಲಿ (ಲೈವ್, ರೆಕಾರ್ಡಿಂಗ್ ಮಾಡುವ ತಂತ್ರಾಂಶ) ನಾಟಕದ ತುಣುಕು, ಫೋಟೋ ಎಲ್ಲ ಜೋಡಿಸಿಕೊಂಡು ವರ್ಚುವಲ್ ಕ್ಯಾಮೆರಾ ಮೂಲಕ ಝೂಮ್ ಸಂವಾದಕ್ಕೆ ಕೊಡುತ್ತೇವೆ. ಚಿತ್ರ ಹೋಗುತ್ತದೆ, ಹಾರ್ಮೋನಿಯಂ, ಹಾಡು ಯಾವುದೂ ಹೋಗುವುದಿಲ್ಲ. ಸಂವಾದವನ್ನು ಯೂಟ್ಯೂಬ್‌ಗೂ ಬಿಡಬೇಕೆಂದಿದ್ದೇವೆ.
(ರಂಗಕರ್ಮಿ, ಗುಬ್ಬಿ)

ಉತ್ತರ: ಓಬಿಎಸ್‌ನ ವರ್ಚುವಲ್ ಕ್ಯಾಮೆರಾ ಚಿತ್ರವನ್ನು ಮಾತ್ರ ಒಯ್ಯುತ್ತದೆ. ಧ್ವನಿಗೆ ನೀವೇ ಬೇರೆ ದಾರಿ ಹಾಕಿಕೊಡಬೇಕು, ಅದಕ್ಕೆ ವಿಬಿ-ಕೇಬಲ್ ಎಂಬ ಡ್ರೈವರ್ ಇದೆ. ಇದು ಕಂಪ್ಯೂಟರಿನಲ್ಲಿ ಎರಡು ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. 'ಕೇಬಲ್ ಇನ್‌ಪುಟ್' ಸ್ಪೀಕರುಗಳ ಪಟ್ಟಿಯಲ್ಲಿರುತ್ತದೆ, 'ಕೇಬಲ್ ಔಟ್‌ಪುಟ್' ಮೈಕುಗಳ ಪಟ್ಟಿಯಲ್ಲಿ. ಒಂದರಲ್ಲಿ ಸುರಿದದ್ದು ಇನ್ನೊಂದರಲ್ಲಿ ಬರುತ್ತದೆ. ಹೆಸರು ತಿರುಗಾಮುರುಗಾ ಅನ್ನಿಸಿದರೂ ಲೆಕ್ಕ ಸರಿಯಾಗಿಯೇ ಇದೆ.

ಜಿಪ್ ಫೈಲನ್ನು ಪೂರ್ತಿ ಬಿಚ್ಚಿಕೊಂಡ ಮೇಲೆ 64 ಬಿಟ್ ಸೆಟಪ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್ ಆದ ತಕ್ಷಣ ಸ್ಪೀಕರಿನಲ್ಲಿ ಏನೂ ಕೇಳದಿದ್ದರೆ ಗಾಬರಿ ಬೇಡ. ಅನುಸ್ಥಾಪನೆಯಾದಾಗ ವಿಂಡೋಸ್ ಕೆಲವೊಮ್ಮೆ ಕೇಬಲ್ ಇನ್‌ಪುಟ್ಟನ್ನೇ ಮುಖ್ಯ ಸ್ಪೀಕರ್ ಮಾಡಿಬಿಡುತ್ತದೆ, ಮತ್ತೆ ಹಳೆಯ ಸ್ಪೀಕರಿಗೆ ಬದಲಾಯಿಸಿ.

ಈಗ ಓಬಿಎಸ್‌ನಲ್ಲಿ ಸೆಟ್ಟಿಂಗ್ಸ್, ಆಡಿಯೋ, ಅಡ್ವಾನ್ಸ್ಡ್, ಅಲ್ಲಿ 'ಮಾನಿಟರಿಂಗ್ ಡಿವೈಸ್' (ಓಬಿಎಸ್ ಧ್ವನಿಯ ಇನ್ನೊಂದು ಪ್ರತಿಯನ್ನು ಕಳಿಸುವ ಸಾಧನ) ಜಾಗದಲ್ಲಿ ಕೇಬಲ್ ಇನ್‌ಪುಟ್ ಆರಿಸಿ. ಅದೇ ಪುಟದಲ್ಲಿ 'ಡೆಸ್ಕ್‌ಟಾಪ್ ಆಡಿಯೋ'ವನ್ನು ಡಿಸೇಬಲ್ ಮಾಡಿ. ಇದನ್ನು ಬಿಟ್ಟರೇ ಮುಂದೆ ಗೋಳು: ಡೆಸ್ಕ್‌ಟಾಪ್ ಆಡಿಯೋ ಕಂಪ್ಯೂಟರಿನ ಎಲ್ಲ ಸದ್ದನ್ನೂ ಹಿಡಿಯುತ್ತದೆ, ಅದಕ್ಕೂ ಮಾನಿಟರ್ ಆನ್ ಆಗಿಬಿಟ್ಟರೆ ಝೂಮ್‌ನಲ್ಲಿ ಮಾತಾಡುವ ಅತಿಥಿಯ ದನಿಯನ್ನೂ ಹಿಡಿದು ಅವರಿಗೇ ವಾಪಸ್ ಕಳಿಸುತ್ತದೆ. ನಾಟಕದ ತುಣುಕುಗಳನ್ನು ಓಬಿಎಸ್‌ಗೇ 'ಮೀಡಿಯಾ ಸೋರ್ಸ್' ಆಗಿ ಸೇರಿಸಿ. ಆಮೇಲೆ 'ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್' ತೆರೆದು ನಿಮ್ಮ ಮೈಕ್, ಮೀಡಿಯಾ ಸೋರ್ಸ್ ಎರಡಕ್ಕೂ 'ಮಾನಿಟರ್ ಆ್ಯಂಡ್ ಔಟ್‌ಪುಟ್' ಕೊಡಿ. ಝೂಮ್‌ನಲ್ಲಿ ಮೈಕ್ ಕೇಬಲ್ ಔಟ್‌ಪುಟ್, ಸ್ಪೀಕರ್ ನಿಮ್ಮ ಇಯರ್‌ಫೋನ್. ಒರಿಜಿನಲ್ ಸೌಂಡ್ ಆನ್ ಮಾಡುವುದನ್ನು ಇಲ್ಲೂ ಮರೆಯಬೇಡಿ, ಹಾರ್ಮೋನಿಯಂನ ಗತಿಯೂ ತಂಬೂರಿಯದೇ.

ಯೂಟ್ಯೂಬ್‌ಗೂ ಹೋಗಬೇಕೆಂದರೆ ಅತಿಥಿಗಳ ದನಿ ನೋಡುಗರಿಗೆ ಕೇಳಬೇಕು, ಆದರೆ ಝೂಮ್‌ಗೆ ವಾಪಸ್ ಹೋಗಬಾರದು. ಓಬಿಎಸ್ 28ರಿಂದ ಈಚೆಗೆ 'ಅಪ್ಲಿಕೇಶನ್ ಆಡಿಯೋ ಕ್ಯಾಪ್ಚರ್' ಇದೆ, ಒಂದೇ ತಂತ್ರಾಂಶದ ಸದ್ದನ್ನು ಬೇರೆಯಾಗಿ ಹಿಡಿಯುತ್ತದೆ. ವಿಂಡೋಸ್ 10ರ 2004 ಆವೃತ್ತಿ ಅಥವಾ ಅದಕ್ಕಿಂತ ಹೊಸದು ಬೇಕು. ಅದರಲ್ಲಿ ಝೂಮ್ ಆರಿಸಿ, ಮಾನಿಟರಿಂಗ್ ಜಾಗದಲ್ಲಿ 'ಮಾನಿಟರ್ ಆಫ್' ಹಾಗೇ ಬಿಡಿ. ಆಗ ಅದು ಯೂಟ್ಯೂಬ್‌ಗೆ ಮಾತ್ರ ಹೋಗುತ್ತದೆ. ಚಾನೆಲ್‌ನಲ್ಲಿ ಲೈವ್ ಸೌಲಭ್ಯ ಮೊದಲ ಸಲ ತೆರೆಯಲು 24 ಗಂಟೆವರೆಗೆ ಹಿಡಿಯಬಹುದು; ಸಂವಾದದ ದಿನ ಬೆಳಿಗ್ಗೆ ಶುರುಮಾಡಿದರೆ ಆಗದ ಕೆಲಸ.

ಎರಡು ಸಣ್ಣ ಸಂಗತಿ. ಕರೆ ಶುರುವಾದ ಕೂಡಲೇ ಉಳಿದ ಸದ್ದು ತಾನಾಗಿ ಕುಗ್ಗಿದರೆ ಅದು ವಿಂಡೋಸ್‌ನ ಕೆಲಸ. ಹಳೆಯ ಸೌಂಡ್ ಕಿಟಕಿಯ 'ಕಮ್ಯುನಿಕೇಶನ್ಸ್' ಪುಟದಲ್ಲಿ ಸದ್ದನ್ನು 80 ಶೇಕಡಾ ಇಳಿಸುವ ಆಯ್ಕೆ ಮೊದಲೇ ಗುರುತಾಗಿರುತ್ತದೆ, 'ಡು ನಥಿಂಗ್' ಮಾಡಿ. ಚಟಪಟ ಸದ್ದು ಬರುತ್ತಿದ್ದರೆ ಮೈಕ್, ಸ್ಪೀಕರ್, ಕೇಬಲ್, ಓಬಿಎಸ್ ಎಲ್ಲದರಲ್ಲೂ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯುತ್ತದೆ ಎಂಬ ಲೆಕ್ಕ) 48 ಕಿಲೋಹರ್ಟ್ಸ್ ಇದೆಯೇ ನೋಡಿ. ಒಂದು 44.1, ಇನ್ನೊಂದು 48 ಇದ್ದಾಗ ಚಟಪಟ ಬರುತ್ತದೆ. 44.1ರ ಧ್ವನಿಯನ್ನು ಯಾವುದಾದರೂ ಸಾಧನ 48 ಎಂದೇ ಓದಿಬಿಟ್ಟರಂತೂ ಶ್ರುತಿಯೇ ಸುಮಾರು ಒಂದೂವರೆ ಸ್ವರಸ್ಥಾನ ಏರಿಬಿಡುತ್ತದೆ.

ಪ್ರಶ್ನೆ: ಛತ್ರಗಳಲ್ಲಿ ಮದುವೆ ಲೈವ್ ಮಾಡುತ್ತೇವೆ. ಸೌಂಡ್ ಸಿಸ್ಟಂನವರ ಮಿಕ್ಸರಿನಿಂದ ಲೈನ್ ತೆಗೆದು ಲ್ಯಾಪ್‌ಟಾಪಿನ ಮೈಕ್ ಜ್ಯಾಕ್‌ಗೆ ಕೊಟ್ಟರೆ ಧ್ವನಿ ಒಡೆಯುತ್ತದೆ, ಗುಂಯ್ ಎನ್ನುತ್ತದೆ. ಕೆಲವರು ಮೊಬೈಲಿನಲ್ಲಿ ನೋಡಿದರೆ ಧ್ವನಿಯೇ ಇಲ್ಲ ಎನ್ನುತ್ತಾರೆ, ಇಯರ್‌ಫೋನ್ ಹಾಕಿದವರಿಗೆ ಕೇಳುತ್ತದಂತೆ!
(ಲೈವ್ ಮಾಡುವವರು, ಮುಳಬಾಗಿಲು)

ಉತ್ತರ: ಇಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಸೇರಿವೆ.

ಒಡೆಯುವುದು ಮಟ್ಟದ ಲೆಕ್ಕ. ವೃತ್ತಿಪರ ಮಿಕ್ಸರಿನ ಲೈನ್ ಔಟ್ ಸುಮಾರು 1.2 ವೋಲ್ಟ್ ಕೊಡುತ್ತದೆ, ಲ್ಯಾಪ್‌ಟಾಪಿನ ಮೈಕ್ ಜ್ಯಾಕ್ ಕಾಯುವುದು ಕೆಲವೇ ಮಿಲಿವೋಲ್ಟ್‌ಗೆ. ಓಬಿಎಸ್‌ನಲ್ಲಿ ಎಷ್ಟು ಇಳಿಸಿದರೂ ಪ್ರಯೋಜನವಿಲ್ಲ, ಧ್ವನಿ ಜ್ಯಾಕ್‌ನಲ್ಲೇ ಒಡೆದು ಒಳಗೆ ಬಂದಿರುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಕೊಳ್ಳಿ. ಬೆಹ್ರಿಂಗರ್ ಯುಸಿಎ222 ತರಹದ, ಎರಡು ಆರ್‌ಸಿಎ (ಹಳೆಯ ಟಿವಿ, ಡಿವಿಡಿಯ ಕೆಂಪು-ಬಿಳಿ ಪಿನ್ ತರಹದ್ದು) ಇನ್‌ಪುಟ್ ಇರುವ ಪುಟ್ಟ ಪೆಟ್ಟಿಗೆಯೂ ಸಾಕು. ಬೆರಳುದ್ದದ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಬೇಡ, ಅದರಲ್ಲಿರುವುದೂ ಮೈಕ್ ಇನ್‌ಪುಟ್ಟೇ. ಓಬಿಎಸ್ ಮೀಟರಿನಲ್ಲಿ ಮಾತು ಹಳದಿಯಲ್ಲಿ, ಅಂದರೆ ಮೈನಸ್ 20ರಿಂದ ಮೈನಸ್ 9 ಡಿಬಿ ನಡುವೆ ಆಡುತ್ತಿರಲಿ. ಗಟ್ಟಿಮೇಳಕ್ಕೆಂದು ಲಿಮಿಟರ್ ಫಿಲ್ಟರ್ (ಸದ್ದು ಒಂದು ಮಟ್ಟ ದಾಟದಂತೆ ತಡೆಯುವುದು) ಹಾಕಿ ಮೈನಸ್ 3ಕ್ಕೆ ಕಟ್ಟಿ.

ಮೊಬೈಲಿನಲ್ಲಿ ಧ್ವನಿ ಮಾಯವಾಗುವುದಕ್ಕೆ ಕಾರಣ ಕೇಬಲ್. ಬ್ಯಾಲೆನ್ಸ್ಡ್ ಔಟ್‌ಪುಟ್‌ನಲ್ಲಿ ಒಂದೇ ಧ್ವನಿ ಎರಡು ತಂತಿಯಲ್ಲಿ, ಒಂದರಲ್ಲಿ ನೇರ, ಇನ್ನೊಂದರಲ್ಲಿ ತಲೆಕೆಳಗಾಗಿ ಬರುತ್ತದೆ. ಮೂರು ಭಾಗದ ಸ್ಟೀರಿಯೋ ಪಿನ್ ಚುಚ್ಚಿ ಅದನ್ನೇ ಎಡ, ಬಲ ಎಂದು ಕೊಟ್ಟರೆ ಇಯರ್‌ಫೋನಿನಲ್ಲಿ ಟೊಳ್ಳಾಗಿ ಕೇಳುತ್ತದೆ. ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಎಡ, ಬಲ ಕೂಡಿದಾಗ ಒಂದನ್ನೊಂದು ಕಳೆದು ಸೊನ್ನೆಯಾಗುತ್ತದೆ. ಅಂಗಡಿಯಲ್ಲಿ ಪಿ-38 ಎನ್ನುವ 6.35 ಎಂಎಂ ಮೋನೋ ಪಿನ್ನಿನಿಂದ ಆರ್‌ಸಿಎಗೆ ಹೋಗುವ ಕೇಬಲ್ ತನ್ನಿ. ಒಂದೇ ಕಡೆ ಬಂದರೆ ಓಬಿಎಸ್‌ನ ಅಡ್ವಾನ್ಸ್ಡ್ ಆಡಿಯೋ ಪುಟದಲ್ಲಿ ಮೋನೋ ಟಿಕ್ ಹಾಕಿ. ಲೈವ್ ಶುರುವಾದ ಮೇಲೆ ಒಂದು ಮೊಬೈಲಿನಲ್ಲಿ ಇಯರ್‌ಫೋನ್ ಇಲ್ಲದೆ ಕೇಳಿ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಗುಂಯ್ ಎನ್ನುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಅರ್ಥಿಂಗ್ ಸುತ್ತು: ಮಿಕ್ಸರ್, ಲ್ಯಾಪ್‌ಟಾಪ್ ಬೇರೆ ಬೇರೆ ಬೋರ್ಡಿನಿಂದ ಕರೆಂಟ್ ತೆಗೆದುಕೊಂಡು ಆಡಿಯೋ ಕೇಬಲ್ ಮೂಲಕ ಸೇರಿವೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಆಗಲೂ ಇದ್ದರೆ ಆಡಿಯೋ ಕೇಬಲ್ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಸೇರಿಸಿ, ಒಳಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಇರುವ ತುಂಡು ಅದು. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಕೆಲಸ ಯಾವ ಕಾರಣಕ್ಕೂ ಬೇಡ, ಜೀವಕ್ಕೆ ಅಪಾಯ. ಸೀರಿಯಲ್ ಲೈಟಿನ ವೈರಿಗೆ ಸಮಾನಾಂತರವಾಗಿ ಆಡಿಯೋ ಕೇಬಲ್ ಎಳೆಯಬೇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ನೀವು ಕೇಳದ ಒಂದನ್ನು ಸೇರಿಸುತ್ತೇವೆ, ಏಕೆಂದರೆ ಮದುವೆ ಲೈವ್‌ಗಳಲ್ಲಿ ಹೆಚ್ಚು ಕೆಡುವುದು ಇಲ್ಲೇ. ಛತ್ರದ ಸ್ಪೀಕರಿಗೆ ಹೋಗುವ ಮೇನ್ ಔಟ್‌ನಿಂದ ಲೈನ್ ತೆಗೆಯಬೇಡಿ, ಆಕ್ಸ್‌ನಿಂದ (ಒಂದೊಂದು ಚಾನೆಲ್‌ನಿಂದಲೂ ಬೇಕಾದಷ್ಟು ಧ್ವನಿಯನ್ನು ಬೇರೆಯಾಗಿ ಹೊರಕ್ಕೆ ಕಳಿಸುವ ದಾರಿ) ತೆಗೆಯಿರಿ, ಅದೂ ಪ್ರೀ-ಫೇಡರ್ ಇರಲಿ, ಅಂದರೆ ಚಾನೆಲ್‌ನ ಮಟ್ಟ ಏರಿಸಿ ಇಳಿಸುವ ಜಾರುಗುಂಡಿ (ಫೇಡರ್) ಕೆಳಗಿದ್ದರೂ ಧ್ವನಿ ಹೋಗುತ್ತಿರಬೇಕು. ಛತ್ರದಲ್ಲಿ ವಾಲಗಕ್ಕೆ ಮೈಕೇ ಬೇಡ, ಹಾಗಾಗಿ ಮಿಕ್ಸರಿನಲ್ಲಿ ವಾಲಗ ಇರುವುದಿಲ್ಲ. ಮಾಂಗಲ್ಯಧಾರಣೆಯ ಹೊತ್ತಿಗೆ ಇಡೀ ಛತ್ರ ನಾದಸ್ವರ, ಡೋಲಿನಿಂದ ತುಂಬಿರುತ್ತದೆ, ಲೈವ್ ನೋಡುವ ಅಜ್ಜಿಗೆ ಕೇಳುವುದು ಪುರೋಹಿತರ ಮಂತ್ರ ಮಾತ್ರ. ವಾಲಗದವರಿಂದ ಎರಡು ಮೀಟರ್ ದೂರದಲ್ಲಿ ಒಂದು ಮೈಕ್ ನಿಲ್ಲಿಸಿ, ಆ ಚಾನೆಲ್‌ನ ಫೇಡರ್ ಪೂರ್ತಿ ಕೆಳಗಿರಲಿ, ಆಕ್ಸ್ ನಾಬ್ ಮಾತ್ರ ಏರಿಸಿ. ಆಗ ಅದು ಛತ್ರದ ಸ್ಪೀಕರಿಗೆ ಹೋಗದೆ ಲೈವ್‌ಗಷ್ಟೇ ಹೋಗುತ್ತದೆ.

ಹೊರದೇಶದ ಬಂಧುಗಳು ವಿಡಿಯೋ ಕರೆಯಲ್ಲಿ ಹಾರೈಸಿದ್ದನ್ನು ಛತ್ರಕ್ಕೆ ಕೇಳಿಸುವಾಗಲೂ ಆಕ್ಸ್ ಬೇಕು. ಲ್ಯಾಪ್‌ಟಾಪಿನ ಧ್ವನಿ ಯಾವ ಚಾನೆಲ್‌ಗೆ ಬರುತ್ತದೋ ಅದರಿಂದ ಕರೆಗೆ ಹೋಗುವ ಆಕ್ಸ್ ಸೊನ್ನೆಯಲ್ಲಿರಬೇಕು. ಎಷ್ಟೋ ಸಣ್ಣ ಯುಎಸ್‌ಬಿ ಮಿಕ್ಸರುಗಳು ಇಡೀ ಮೇನ್ ಮಿಶ್ರಣವನ್ನೇ ಯುಎಸ್‌ಬಿಗೆ ವಾಪಸ್ ಕಳಿಸುತ್ತವೆ, ಬಂಧುಗಳಿಗೆ ತಮ್ಮದೇ ಮಾತು ಅರ್ಧ ಸೆಕೆಂಡ್ ತಡವಾಗಿ ಕೇಳಿ ಅವರು ಮಾತೇ ನಿಲ್ಲಿಸಿಬಿಡುತ್ತಾರೆ.

ಪ್ರಶ್ನೆ: ಆರತಕ್ಷತೆಯಲ್ಲಿ ಸಿನಿಮಾ ಹಾಡು ಹಾಕಿದಾಗ ಯೂಟ್ಯೂಬ್ ಲೈವ್ ನಿಂತುಹೋಯಿತು. ತಪ್ಪಿಸುವುದು ಹೇಗೆ?
(ಫೋಟೋ ಸ್ಟುಡಿಯೋ, ಶಿಡ್ಲಘಟ್ಟ)

ಉತ್ತರ: ಹಕ್ಕುಸ್ವಾಮ್ಯವಿರುವ ಹಾಡನ್ನು ಯೂಟ್ಯೂಬ್ ಲೈವ್‌ನಲ್ಲೇ ಗುರುತು ಹಿಡಿಯುತ್ತದೆ. ಎಚ್ಚರಿಕೆ ಬಂದಾಗ ಹಾಡು ನಿಲ್ಲಿಸದಿದ್ದರೆ ಚಿತ್ರದ ಬದಲು ಸ್ಥಿರಚಿತ್ರ ಬರಬಹುದು, ಲೈವೇ ನಿಲ್ಲಬಹುದು. ಮೇಲೆ ಹೇಳಿದ ಆಕ್ಸ್ ಲೈನ್ ಇದ್ದರೆ ಹಾಡು ಬರುವ ಚಾನೆಲ್‌ನ ಆಕ್ಸ್ ಇಳಿಸಿ. ಛತ್ರದಲ್ಲಿ ಹಾಡು ಇರಲಿ, ಲೈವ್‌ಗೆ ಮಾತು ಮಾತ್ರ ಹೋಗಲಿ. ಕ್ಯಾಮೆರಾದ ಮೈಕನ್ನೂ ಓಬಿಎಸ್‌ನಲ್ಲಿ ಮ್ಯೂಟ್ ಮಾಡಬೇಕು, ಇಲ್ಲದಿದ್ದರೆ ಛತ್ರದ ಸ್ಪೀಕರಿನ ಹಾಡು ಆ ದಾರಿಯಲ್ಲಿ ಬರುತ್ತದೆ.

ಪ್ರಶ್ನೆ: ಕಾಲೇಜಿನಲ್ಲಿ ಮ್ಯಾಕ್‌ಬುಕ್ ಇದೆ. ವಿಬಿ-ಕೇಬಲ್ ಬದಲು ಏನು ಬಳಸಲಿ?
(ಉಪನ್ಯಾಸಕರು, ತುಮಕೂರು)

ಉತ್ತರ: ಬ್ಲ್ಯಾಕ್‌ಹೋಲ್ ಎಂಬ ಉಚಿತ ಡ್ರೈವರ್‌ನ 2 ಚಾನೆಲ್ ಆವೃತ್ತಿ ಹಾಕಿ. 'ಆಡಿಯೋ ಮಿಡಿ ಸೆಟಪ್' ತೆರೆದು ಮಲ್ಟಿ-ಔಟ್‌ಪುಟ್ ಡಿವೈಸ್ ಮಾಡಿ, ಇಯರ್‌ಫೋನ್, ಬ್ಲ್ಯಾಕ್‌ಹೋಲ್ ಎರಡನ್ನೂ ಟಿಕ್ ಮಾಡಿ, ಬ್ಲ್ಯಾಕ್‌ಹೋಲ್‌ಗೆ 'ಡ್ರಿಫ್ಟ್ ಕರೆಕ್ಷನ್' (ಎರಡು ಸಾಧನಗಳ ವೇಗ ಹೊಂದಿಸುವ ಆಯ್ಕೆ) ಕೊಡಿ. ಇದನ್ನು ಬಳಸುವಾಗ ಕೀಬೋರ್ಡಿನ ವಾಲ್ಯೂಮ್ ಗುಂಡಿ ಕೆಲಸ ಮಾಡುವುದಿಲ್ಲ, ಮಟ್ಟವನ್ನು ಮೊದಲೇ ಹೊಂದಿಸಿಕೊಳ್ಳಿ. ಸ್ಪೀಕರ್ ಎಂದು ಇದನ್ನು ಝೂಮ್‌ಗೆ ಕೊಡಬೇಡಿ.

ಪ್ರಶ್ನೆ: ಬ್ಲೂಟೂತ್ ಹೆಡ್‌ಫೋನ್ ಹಾಡು ಕೇಳಲು ಚೆನ್ನಾಗಿದೆ, ಸಭೆ ಶುರುವಾದ ಕೂಡಲೇ ಹಳೇ ಲ್ಯಾಂಡ್‌ಲೈನ್ ಫೋನ್ ತರಹ ಆಗುತ್ತದೆ.
(ವಿದ್ಯಾರ್ಥಿ, ಮಾಲೂರು)

ಉತ್ತರ: ಅದರ ಮೈಕ್ ಕೂಡ ಬಳಸಲು ಹೋದಾಗ ಬ್ಲೂಟೂತ್ ಹಾಡಿನ ವಿಧಾನ ಬಿಟ್ಟು ಫೋನ್ ಕರೆಯ ವಿಧಾನಕ್ಕೆ ಇಳಿಯುತ್ತದೆ. ಮೈಕ್ ಜಾಗದಲ್ಲಿ ಲ್ಯಾಪ್‌ಟಾಪಿನದೋ ಬೇರೆ ಯುಎಸ್‌ಬಿ ಮೈಕನ್ನೋ ಆರಿಸಿದರೆ ಕೇಳುವುದು ಮತ್ತೆ ಸರಿಯಾಗುತ್ತದೆ. ಸಂಗೀತಕ್ಕೂ ಲೈವ್ ನಿರ್ವಹಣೆಗೂ ಬ್ಲೂಟೂತ್ ತಡ ಮಾಡುತ್ತದೆ, ವೈರಿನದೇ ಇರಲಿ.

ಪ್ರಶ್ನೆ: ತುಟಿ ಅಲ್ಲಾಡುವ ಮೊದಲೇ ಮಾತು ಕೇಳುತ್ತದೆ.
(ಓದುಗರು, ಗೌರಿಬಿದನೂರು)

ಉತ್ತರ: ಕ್ಯಾಮೆರಾದಿಂದ ಕ್ಯಾಪ್ಚರ್ ಕಾರ್ಡ್ (ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರಿಗೆ ಕೊಡುವ ಸಾಧನ) ಮೂಲಕ ಬರುವ ಚಿತ್ರ ತಡವಾಗುತ್ತದೆ, ಮಿಕ್ಸರಿನಿಂದ ಬರುವ ಧ್ವನಿ ಬೇಗ ಬರುತ್ತದೆ. ಕ್ಯಾಮೆರಾ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿ ಓಬಿಎಸ್‌ನಲ್ಲಿ 10 ಸೆಕೆಂಡ್ ರೆಕಾರ್ಡ್ ಮಾಡಿ. ಎಡಿಟಿಂಗ್ ತಂತ್ರಾಂಶದಲ್ಲಿ ತೆರೆದು, ಚಪ್ಪಾಳೆಯ ಸದ್ದಿನಿಂದ ಕೈ ಕೂಡುವವರೆಗೆ ಎಷ್ಟು ಫ್ರೇಮ್ ಎಂದು ಎಣಿಸಿ. 30 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ಎಂದರೆ 33.3 ಮಿಲಿಸೆಕೆಂಡ್. 4 ಫ್ರೇಮ್ ಬಂದರೆ ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ನಲ್ಲಿ ಆ ಮೈಕಿನ 'ಸಿಂಕ್ ಆಫ್‌ಸೆಟ್' 133 ಇಡಿ. ಕ್ಯಾಮೆರಾ ಅಥವಾ ಕ್ಯಾಪ್ಚರ್ ಕಾರ್ಡ್ ಬದಲಾಯಿಸಿದಾಗ ಮತ್ತೆ ಅಳೆಯಬೇಕು.